ಜೋರ್ಡಾನಿನ ನಿರಾಶ್ರಿತರ ನಡುವೆ ಎರಡು ವರ್ಷ: ಹೊರಡುವ ಮುನ್ನ ತಿಳಿದಿರಬೇಕಾದದ್ದು

ಪ್ರಶ್ನೆ: ನನಗೆ 25 ವರ್ಷ. ಉಡುಪಿ ಜಿಲ್ಲೆಯವಳು. ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಜೋರ್ಡಾನಿನಲ್ಲಿ ಅರಬ್ಬಿ ಮಾತಾಡುವ ನಿರಾಶ್ರಿತರ ನಡುವೆ ಎರಡು ವರ್ಷ ಮಿಷನರಿಯಾಗಿ ಸೇವೆ ಮಾಡಲು ಒಂದು ಸಂಸ್ಥೆ ಕರೆದಿದೆ. ಅಲ್ಲಿನ ಬದುಕು ನಿಜಕ್ಕೂ ಹೇಗಿರುತ್ತದೆ? ನರ್ಸ್ ಆಗಿ ಕೆಲಸ ಮಾಡಬಹುದೇ? ಭಾಷೆ ಬಾರದೆ ಏನು ಮಾಡಲಿ? ಸುವಾರ್ತೆ ಹೇಳಲು ಕಾನೂನಿನ ಅಡ್ಡಿ ಇದೆಯೇ? ಅಪ್ಪ ಅಮ್ಮ ತುಂಬಾ ಹೆದರಿದ್ದಾರೆ.

ಉತ್ತರ: ನರ್ಸ್ ಕೆಲಸದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಜೋರ್ಡಾನಿನ ರಾಜಧಾನಿ ಅಮ್ಮಾನ್, ಉತ್ತರದ ಮಫ್ರಕ್ ಪಟ್ಟಣ, ಇವೆರಡರಲ್ಲೂ ಹಲವು ವರ್ಷ ಇದ್ದು, ಈಗ ಹೊರಡುವವರಿಗೆ ತರಬೇತಿ ಕೊಡುತ್ತಿರುವವಳು ನಾನು. ನಿಮ್ಮಂಥವರಿಗೆ ಮೊದಲ ನಿರಾಸೆ ಕಾದಿರುವುದು ಅಲ್ಲೇ ಎಂದು ನನಗೆ ಗೊತ್ತು. ಜೋರ್ಡಾನಿನಲ್ಲಿ ನರ್ಸ್ ಆಗಬೇಕಾದರೆ ಅಲ್ಲಿನ ಪರವಾನಗಿ ಬೇಕು, ಕೆಲಸದ ಪರ್ಮಿಟ್ ಬೇಕು. ವೈದ್ಯಕೀಯ ಕೆಲಸಗಳನ್ನು ಆ ದೇಶ ಬಹುಮಟ್ಟಿಗೆ ತನ್ನ ನಾಗರಿಕರಿಗೇ ಇಟ್ಟುಕೊಂಡಿದೆ. ನಮ್ಮ ಕಡೆಯಿಂದಲೂ ಒಂದು ನಿಯಮವಿದೆ: ಜೋರ್ಡಾನ್ ಸೇರಿ 18 ದೇಶಗಳಿಗೆ ನರ್ಸ್ ಕೆಲಸಕ್ಕೆಂದು ಹೋಗುವವರು 2015ರಿಂದ ಭಾರತ ಸರ್ಕಾರದ ಇ-ಮೈಗ್ರೇಟ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಅನುಮತಿ ಪಡೆಯಲೇಬೇಕು, ಪಾಸ್‌ಪೋರ್ಟ್ ಯಾವ ಬಗೆಯದಾದರೂ ಸರಿ. "ಟೂರಿಸ್ಟ್ ವೀಸಾದಲ್ಲಿ ಬನ್ನಿ, ಬಂದ ಮೇಲೆ ಕ್ಲಿನಿಕ್ಕಿನಲ್ಲಿ ಏನಾದರೂ ವ್ಯವಸ್ಥೆ ಮಾಡೋಣ" ಎಂದು ಯಾರಾದರೂ ಹೇಳಿದರೆ ಮಾತನ್ನು ಅಲ್ಲಿಗೇ ನಿಲ್ಲಿಸಿ.

ಹಾಗೆಂದು ನೀವು ಓದಿದ್ದು ಉಪಯೋಗಕ್ಕೆ ಬಾರದೆ ಹೋಗುವುದಿಲ್ಲ. ನಿರಾಶ್ರಿತರ ಮನೆಗೆ ಹೋದಾಗ ನರ್ಸಿನ ಕಣ್ಣಿಗೆ ಕಾಣುವುದು ಬೇರೆಯವರಿಗೆ ಕಾಣದು. ಹೊರಗಿನಿಂದ ನೋಡಿದರೆ ಚೆನ್ನಾಗಿಯೇ ಇರುವ ಅಜ್ಜಿ ಬಿಪಿ ಮಾತ್ರೆಯನ್ನು ಎರಡು ತುಂಡು ಮಾಡಿ, ದಿನ ಬಿಟ್ಟು ದಿನ ನುಂಗುತ್ತಿರುತ್ತಾಳೆ. ಇದರ ಹಿಂದೆ ಒಂದು ಕಥೆ ಇದೆ. ಸಿರಿಯಾದಿಂದ ಬಂದವರಿಗೆ ಜೋರ್ಡಾನಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2014ರ ನವೆಂಬರ್‌ವರೆಗೆ ಚಿಕಿತ್ಸೆ ಉಚಿತವಾಗಿತ್ತು. ಆಮೇಲೆ, ವಿಮೆಯಿಲ್ಲದ ಜೋರ್ಡಾನ್ ಪ್ರಜೆ ಕೊಡುವಷ್ಟು ದುಡ್ಡು ಕೊಡಬೇಕಾಯಿತು. 2018ರಲ್ಲಿ ಅದನ್ನು ವಿದೇಶಿಯರ ದರದ ಶೇ. 80ಕ್ಕೆ ಏರಿಸಿದರು, ಮರುವರ್ಷ ಮತ್ತೆ ಹಿಂದಿನ ದರಕ್ಕೆ ತಂದರು. ಪ್ರತಿ ಸಲ ದರ ಏರಿದಾಗಲೂ ಮಾತ್ರೆ ತುಂಡಾಗಿದ್ದು ಇಂಥ ಮನೆಗಳಲ್ಲಿ. ಆ ಅಜ್ಜಿಯ ಔಷಧಿ ಚೀಟಿ ಓದಿ, ಯಾವ ಸಂಸ್ಥೆಯ ಕ್ಲಿನಿಕ್ಕಿನಲ್ಲಿ ಅದು ಪುಕ್ಕಟೆ ಸಿಗುತ್ತದೆ ಎಂದು ವಿಚಾರಿಸಿ, ಅವಳ ಜೊತೆ ಬಸ್ಸು ಹತ್ತಿ ಹೋಗಿ, ಕ್ಯೂನಲ್ಲಿ ನಿಂತು ಬರುವುದು: ನಿಮ್ಮ ಮೊದಲ ವರ್ಷದ ನರ್ಸಿಂಗ್ ಇದೇ. ಇದಕ್ಕೆ ನರ್ಸ್ ಪರವಾನಗಿ ಬೇಡ, ತಾಳ್ಮೆ ಬೇಕು.

ಮಫ್ರಕ್‌ನಲ್ಲಿ ಅನ್ನೂರ್ ಎಂಬ ಕ್ಷಯರೋಗದ ಆಸ್ಪತ್ರೆ ಇದೆ. ಎಲಿನರ್ ಸೋಲ್ಟಾವ್ ಎಂಬ ಅಮೆರಿಕದ ವೈದ್ಯೆ ಮತ್ತು ಐಲೀನ್ ಕೋಲ್ಮನ್ ಎಂಬ ಆಸ್ಟ್ರೇಲಿಯಾದ ನರ್ಸ್ ಸೇರಿ 1965ರಲ್ಲಿ ಶುರು ಮಾಡಿದ್ದು. ಮರುಭೂಮಿಯ ಬದಾವಿ ಬುಡಕಟ್ಟುಗಳಿಗಾಗಿ ಹುಟ್ಟಿದ ಆಸ್ಪತ್ರೆ ಅದು. ಕೋಲ್ಮನ್ ಹೋಗುವಾಗ ಅವಿವಾಹಿತ ತರುಣಿ, ನಿಮ್ಮ ಹಾಗೆಯೇ ನರ್ಸ್. ದಶಕಗಟ್ಟಲೆ ಅಲ್ಲೇ ಉಳಿದರು. ಬದಾವಿಗಳು ಅವರನ್ನು ತಮ್ಮವರೆಂದು ಒಪ್ಪಿಕೊಂಡಿದ್ದು ಅವರು ಆಡಿದ ಮಾತಿನಿಂದಲ್ಲ; ಕೆಮ್ಮುವ ರೋಗಿಯ ಪಕ್ಕ ತಿಂಗಳುಗಟ್ಟಲೆ ಕೂತಿದ್ದರಿಂದ. ನೀವು ಹೋಗುವ ಊರಿನಲ್ಲಿ ಇಂಥ ನೆನಪಿನ ಮೇಲೆ ನಿಮಗೆ ಬಾಗಿಲು ತೆರೆಯುತ್ತದೆ ಎಂಬುದನ್ನು ಮರೆಯಬೇಡಿ.

ನಿರಾಶ್ರಿತರು ಎಂದಕೂಡಲೇ ಟೆಂಟು, ಮುಳ್ಳುತಂತಿ ನೆನಪಾಗುತ್ತದೆ. ಝಾತರಿ ಶಿಬಿರ ಇರುವುದು ನಿಜ. 2012ರ ಜುಲೈನಲ್ಲಿ ತೆರೆದದ್ದು, ಸಿರಿಯಾದ ಗಡಿಯಿಂದ ಹನ್ನೆರಡು ಕಿಲೋಮೀಟರ್ ಆಸುಪಾಸು. ಟೆಂಟುಗಳೆಲ್ಲ ಈಗ ತಗಡಿನ ಮನೆಗಳಾಗಿವೆ. ಒಂದು ಕಾಲಕ್ಕೆ ಅದು ಜನಸಂಖ್ಯೆಯಲ್ಲಿ ಜೋರ್ಡಾನಿನ ದೊಡ್ಡ ಊರುಗಳ ಸಾಲಿಗೆ ಸೇರಿತ್ತು. ಒಳಗೆ ಉದ್ದನೆಯ ಅಂಗಡಿ ಬೀದಿ ಇದೆ. ಮದುವೆ ಬಟ್ಟೆ ಬಾಡಿಗೆಗೆ ಸಿಗುತ್ತದೆ, ಸೈಕಲ್ ರಿಪೇರಿಯೂ ಆಗುತ್ತದೆ. ದಿನಸಿ ಅಂಗಡಿಯಲ್ಲಿ ದುಡ್ಡಿನ ಬದಲು ಕಣ್ಣಿನ ಪಾಪೆ ಸ್ಕ್ಯಾನ್ ಮಾಡಿ ಲೆಕ್ಕ ಕಳೆಯುವ ವ್ಯವಸ್ಥೆ 2016ರಲ್ಲಿ ಬಂತು. ಆದರೆ ನೀವು ಬಹುಶಃ ಅಲ್ಲಿ ಕೆಲಸ ಮಾಡುವುದಿಲ್ಲ. ಶಿಬಿರದೊಳಗೆ ಹೋಗಲು ಅಧಿಕೃತ ಪಾಸು ಬೇಕು. ಅದೂ ಅಲ್ಲದೆ ಜೋರ್ಡಾನಿನ ಸಿರಿಯನ್ನರಲ್ಲಿ ಬಹುಪಾಲು ಜನ ಯಾವತ್ತೂ ಶಿಬಿರದಲ್ಲಿ ಇದ್ದವರಲ್ಲ. ಅಮ್ಮಾನ್, ಇರ್ಬಿದ್, ಮಫ್ರಕ್ ಪೇಟೆಗಳಲ್ಲಿ ನೆಲಮಾಳಿಗೆಯ ಕೋಣೆ, ಕಟ್ಟಿ ಮುಗಿಯದ ಮಹಡಿ, ಅಂಗಡಿ ಹಿಂದಿನ ಒಂದು ರೂಮು, ಹೀಗೆ ಬಾಡಿಗೆಗೆ ಇದ್ದವರು. ಸಿರಿಯನ್ನರ ಜೊತೆಗೆ ಇರಾಕಿಗಳು, ಯೆಮನಿಗಳು, ಸುಡಾನಿಗಳು ಇದ್ದಾರೆ; ಇವರ ಪಾಡು ಒಂದು ಕೈ ಹೆಚ್ಚೇ ಕಷ್ಟದ್ದು. ದಾನಿ ದೇಶಗಳೊಂದಿಗೆ ಜೋರ್ಡಾನ್ 2016ರಲ್ಲಿ ಮಾಡಿಕೊಂಡ ಒಪ್ಪಂದದ ನಂತರ ಸಿರಿಯನ್ನರಿಗೆ ಹೊಲ, ಕಟ್ಟಡ, ಕಾರ್ಖಾನೆಗಳಲ್ಲಿ ಕೆಲಸದ ಪರ್ಮಿಟ್ ಸಿಗತೊಡಗಿತು. ಇರಾಕಿಗೂ ಸುಡಾನಿಗೂ ಆ ದಾರಿ ತೆರೆಯಲಿಲ್ಲ. 2015ರ ಡಿಸೆಂಬರ್‌ನಲ್ಲಂತೂ ನೂರಾರು ಸುಡಾನಿಗಳನ್ನು ಅಮ್ಮಾನ್‌ನಿಂದ ವಿಮಾನ ಹತ್ತಿಸಿ ಸುಡಾನಿಗೇ ವಾಪಸು ಕಳಿಸಿಬಿಟ್ಟರು. ನಿರಾಶ್ರಿತರ ರಕ್ಷಣೆಯ 1951ರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಜೋರ್ಡಾನ್ ಸಹಿ ಹಾಕಿಲ್ಲ. ಭಾರತವೂ ಹಾಕಿಲ್ಲ, ಅದನ್ನೂ ನೆನಪಿಟ್ಟುಕೊಂಡೇ ಮಾತಾಡಬೇಕು.

ದಿನಚರಿ ಕೇಳಿದ್ದೀರಿ. ವಾರ ಶುರುವಾಗುವುದು ಭಾನುವಾರ. ರಜೆ ಶುಕ್ರವಾರ, ಶನಿವಾರ. ಹಾಗಾಗಿ ಎಷ್ಟೋ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಶುಕ್ರವಾರ ಬೆಳಿಗ್ಗೆಯೋ ಭಾನುವಾರ ಸಂಜೆಯೋ ಆರಾಧನೆ ನಡೆಯುತ್ತದೆ. ಬೆಳಿಗ್ಗೆ ಭಾಷೆಯ ಪಾಠ. ಮಧ್ಯಾಹ್ನ ಮಕ್ಕಳ ತರಗತಿ ಅಥವಾ ಮನೆ ಭೇಟಿ. ಸಂಜೆ ಬೆಳಗಿನ ಪಾಠ ಮತ್ತೆ ಉರು ಹೊಡೆಯುವುದು. ಇಷ್ಟೇ. ಚಿತ್ರದಲ್ಲಿ ನೋಡಿದಂಥ ಸಾಹಸ ಯಾವುದೂ ಇಲ್ಲ.

ಮನೆ ಭೇಟಿಯೇ ಈ ಬದುಕಿನ ತಿರುಳು, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಫ್ರಕ್‌ನ ಒಂದು ಮನೆ ಎಂದುಕೊಳ್ಳಿ. ಹೊಸ್ತಿಲಾಚೆ ಚಪ್ಪಲಿ ಬಿಡುತ್ತೀರಿ. ಕೋಣೆಯಲ್ಲಿ ಕುರ್ಚಿ ಇಲ್ಲ. ಮೂರು ಗೋಡೆಗೆ ಒತ್ತಿ ತೆಳು ಹಾಸಿಗೆಗಳು, ಒರಗಲು ಗಟ್ಟಿ ದಿಂಬು. ನಡುವೆ ಸೀಮೆಎಣ್ಣೆಯ ಹೀಟರು, ಅದನ್ನು ಸೋಬಾ ಎನ್ನುತ್ತಾರೆ. ಅದರ ತಲೆಯ ಮೇಲೇ ಚಹಾದ ಕೆಟಲು. ಗೋಡೆಯ ಮೂಲೆ ಬೂಷ್ಟು ಹಿಡಿದು ಕಪ್ಪಾಗಿದೆ, ಅದರ ಕೆಳಗೆ ಮಲಗಿರುವ ಮಗುವಿಗೆ ಉಬ್ಬಸ. ಆ ಮೂಲೆಯನ್ನೂ ಆ ಉಬ್ಬಸವನ್ನೂ ನೀವು ತಕ್ಷಣ ಜೋಡಿಸುತ್ತೀರಿ, ಬಾಯಿ ಬಿಡಬೇಡಿ ಇನ್ನೂ. ಮೊದಲು ಸಕ್ಕರೆ ಸುರಿದ ಚಹಾ ಬರುತ್ತದೆ, ಆಮೇಲೆ ಹಣ್ಣು, ಆಮೇಲೆ ಏಲಕ್ಕಿ ಹಾಕಿದ ಕಾಫಿ. ಆ ಮನೆಗೆ ಈ ತಿಂಗಳ ಬಾಡಿಗೆ ಕಟ್ಟಲು ದುಡ್ಡಿಲ್ಲ ಎಂದು ನಿಮಗೆ ಗೊತ್ತು. ಬೇಡ ಎನ್ನಲು ಬಾಯಿಗೆ ಬರುತ್ತದೆ. ಬೇಡ ಎನ್ನಬಾರದು. ಸರದಿಯಲ್ಲಿ ನಿಂತು ತೆಗೆದುಕೊಳ್ಳುವುದೇ ಬದುಕಾಗಿಬಿಟ್ಟ ಹೆಂಗಸಿಗೆ, ಕೊಡುವವಳಾಗಿ ಕೂರಲು ಸಿಗುವ ಅರ್ಧ ಗಂಟೆ ಅದು. ನಾನು ಈ ಕೆಲಸದಿಂದ ಕಲಿತದ್ದರಲ್ಲಿ ಇದನ್ನೇ ಎಲ್ಲಕ್ಕಿಂತ ಮೇಲಿಡುತ್ತೇನೆ: ಮಿಷನರಿ ಮೊದಲು ಅತಿಥಿಯಾಗಲು ಕಲಿಯಬೇಕು. ಕೊಡುವ ಕೈಯಾಗಿಯೇ ಎರಡು ವರ್ಷ ಕಳೆದವರು ಫೋಟೋಗಳನ್ನು ತೆಗೆದುಕೊಂಡು ಬರುತ್ತಾರೆ, ಸ್ನೇಹಿತರನ್ನಲ್ಲ.

ಕಾಫಿ ಸಾಕೆನಿಸಿದರೆ ಖಾಲಿ ಬಟ್ಟಲನ್ನು ಅತ್ತಿತ್ತ ಅಲ್ಲಾಡಿಸಿ ಕೊಡಿ, ಅದು ಗೌರವದ ರೀತಿ. ಬಲಗೈಯಲ್ಲಿ ತಿನ್ನಿ, ಅಂಗಾಲು ಯಾರ ಮುಖಕ್ಕೂ ತೋರದಂತೆ ಕೂತುಕೊಳ್ಳಿ. ಉಡುಪಿಯ ಹುಡುಗಿಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ. ಅಮೆರಿಕದಿಂದ ಬಂದ ನಿಮ್ಮ ಜೊತೆಗಾರರಿಗೆ ತಿಂಗಳು ಹಿಡಿಯುವುದು ನಿಮಗೆ ಮೊದಲ ದಿನವೇ ಬಂದಿರುತ್ತದೆ. ಯುದ್ಧದಲ್ಲಿ ಏನಾಯಿತು ಎಂದು ನೀವಾಗಿ ಕೇಳಬೇಡಿ. ಸಿರಿಯಾದ ದರಾದವರೋ ಹೋಮ್ಸ್‌ನವರೋ, ಹೇಳಬೇಕೆನಿಸಿದ ದಿನ ಅವರೇ ಹೇಳುತ್ತಾರೆ. ಆಗ ಫೋನು ಬ್ಯಾಗಿನಲ್ಲಿರಲಿ. ಮಕ್ಕಳ ಫೋಟೋ ತೆಗೆದು ಊರಿನ ಸಭೆಗೆ ವಾಟ್ಸಾಪ್ ಮಾಡುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಹಣ ಕೊಟ್ಟವರು ಎಷ್ಟೇ ಕೇಳಲಿ. ಸಿರಿಯಾದಲ್ಲಿ ಇನ್ನೂ ಉಳಿದಿರುವ ಅವರ ನೆಂಟರಿಗೆ ಆ ಒಂದು ಚಿತ್ರದಿಂದ ಅಪಾಯ ಬರಬಹುದು.

ಇನ್ನು ಭಾಷೆ. ಅರಬ್ಬಿಯಲ್ಲಿ ಪುಸ್ತಕದ್ದೊಂದು, ಬೀದಿಯದೊಂದು. ಸತ್ಯವೇದ, ವಾರ್ತೆ, ಸರ್ಕಾರಿ ಕಾಗದ ಎಲ್ಲ ಫುಸ್‌ಹಾದಲ್ಲಿ. ಅಡುಗೆಮನೆ, ಬಸ್ಸು, ಜಗಳ ಎಲ್ಲ ಆಮಿಯಾದಲ್ಲಿ. ಪಂಪನ ಕನ್ನಡ ಓದಿಕೊಂಡು ಕುಂದಾಪುರದ ಮೀನು ಮಾರ್ಕೆಟ್ಟಿಗೆ ಹೋದರೆ ಹೇಗೋ, ಬರೀ ಫುಸ್‌ಹಾ ಕಲಿತು ಮಫ್ರಕ್‌ಗೆ ಹೋದರೆ ಹಾಗೆ. ನಿಮಗೆ ಬೇಕಾದ್ದು ಶಾಮಿ ಆಡುಮಾತು, ಅಂದರೆ ಸಿರಿಯಾ, ಲೆಬನಾನ್, ಜೋರ್ಡಾನ್, ಪ್ಯಾಲೆಸ್ತೀನ್ ಕಡೆಯದು. ಗಲ್ಫ್‌ನಲ್ಲಿದ್ದ ಮಾವನಿಂದ ಕಲಿತ ಅರಬ್ಬಿ ಸ್ವಲ್ಪ ನೆರವಾದೀತು, ಪೂರ್ತಿ ಅಲ್ಲ. ಶಾಮಿಯಲ್ಲೂ ಊರಿಗೊಂದು ರೀತಿ: ಕಾಫಿಗೆ ದಮಾಸ್ಕಸ್‌ನವರು ಅಹ್ವೆ ಎಂದರೆ ದರಾದ ಹಳ್ಳಿಯವರು ಗಹ್ವೆ ಎನ್ನುತ್ತಾರೆ. ಗಂಟಲಿನ ಆಳದಿಂದ ಬರುವ ಐನ್, ಹಾ ಅಕ್ಷರಗಳು ನಾಲಿಗೆಗೆ ಒಗ್ಗಲು ತಿಂಗಳುಗಳೇ ಬೇಕು. ಮೊದಲ ಒಂದು ವರ್ಷ ಭಾಷೆಗೇ ಮೀಸಲಿಡದ ಸಂಸ್ಥೆಯ ಜೊತೆ ಹೋಗಬೇಡಿ ಎಂದೇ ಹೇಳುತ್ತೇನೆ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನಿನವರ ಚರಿತ್ರೆ ನಿಮ್ಮ ಸಭೆಯಲ್ಲೇ ಕೇಳಿರುತ್ತೀರಿ. ಫರ್ಡಿನಾಂಡ್ ಕಿಟೆಲ್ ಬಂದದ್ದು 1853ರಲ್ಲಿ, ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ನಡುವಿನ ನಲವತ್ತು ವರ್ಷಗಳಲ್ಲಿ ಬಹುಪಾಲು ಅವರು ಜನರ ಮಾತಿಗೆ ಕಿವಿಗೊಟ್ಟರು. ನಮ್ಮ ಭಾಷೆಗೆ ಅಷ್ಟು ಮರ್ಯಾದೆ ಕೊಟ್ಟವರ ಪರಂಪರೆಯಿಂದ ಹೊರಡುವ ನೀವು, ಸಿರಿಯಾದವರ ಭಾಷೆಗೆ ಅದೇ ಮರ್ಯಾದೆ ಕೊಡುವುದು ನ್ಯಾಯ.

ಸುವಾರ್ತೆಯ ಮಾತು ಎಚ್ಚರದಿಂದ ಹೇಳಬೇಕು. ಜೋರ್ಡಾನಿನಲ್ಲಿ ಕ್ರೈಸ್ತ ಸಭೆಗಳಿಗೆ ಮಾನ್ಯತೆ ಇದೆ, ಸಂಸತ್ತಿನಲ್ಲಿ ಕ್ರೈಸ್ತರಿಗೆ ಮೀಸಲು ಸ್ಥಾನಗಳೂ ಇವೆ. ಆದರೆ ಮುಸ್ಲಿಮರನ್ನು ಮತಾಂತರಿಸಲು ಯತ್ನಿಸಿದ ವಿದೇಶಿಯರನ್ನು ಸರ್ಕಾರ ಹೊರಗೆ ಕಳಿಸುತ್ತದೆ. 2008ರಲ್ಲಿ ಹಾಗೆ ಕೆಲವರನ್ನು ಕಳಿಸಿದ್ದನ್ನು ಸರ್ಕಾರವೇ ಒಪ್ಪಿಕೊಂಡಿತ್ತು. ನಿಮಗಾದರೆ ಅದು ಒಂದು ವಿಮಾನದ ಟಿಕೆಟ್ಟು. ನಿಮ್ಮ ಮಾತು ಕೇಳಿದವರಿಗೆ? ಅಲ್ಲಿ ಮದುವೆ, ಮಕ್ಕಳ ಹಕ್ಕು, ಆಸ್ತಿ ಎಲ್ಲ ಧಾರ್ಮಿಕ ನ್ಯಾಯಾಲಯಗಳ ಕೈಯಲ್ಲಿವೆ. ಇಸ್ಲಾಂ ಬಿಟ್ಟವರ ಮೇಲೆ ಷರೀಯತ್ ಕೋರ್ಟಿಗೆ ದೂರು ಹೋದರೆ ಮದುವೆ ಮುರಿಯಬಹುದು, ಮಕ್ಕಳು ಕೈತಪ್ಪಬಹುದು, ಪಿತ್ರಾರ್ಜಿತ ಹೋಗಬಹುದು. ನಿರಾಶ್ರಿತಳಿಗೆ ಉಳಿದಿರುವ ಒಂದೇ ಆಸರೆ ಬಂಧುಬಳಗ, ಅದೂ ಕೈಬಿಡಬಹುದು. ಕರಾವಳಿಯವರಾದ ನಮಗೆ ಇದು ಹೊಸದೇನಲ್ಲ. 19ನೇ ಶತಮಾನದಲ್ಲಿ ಕ್ರೈಸ್ತರಾದವರು ಕುಲಕಸುಬು, ಮನೆ, ಹೊಲ ಎಲ್ಲ ಕಳೆದುಕೊಂಡರು. ಬಾಸೆಲ್ ಮಿಷನ್ ಮಗ್ಗದ ಕಾರ್ಖಾನೆ, ಜೆಪ್ಪುವಿನ ಹಂಚಿನ ಕಾರ್ಖಾನೆ ತೆರೆದದ್ದಕ್ಕೆ ಅದೊಂದು ದೊಡ್ಡ ಕಾರಣ. ನಂಬಿಕೆಯ ಬೆಲೆ ತೆತ್ತವರು ಕೇಳಿದವರು, ಹೇಳಿದವರಲ್ಲ.

ಆದ್ದರಿಂದ ಒಂದು ಗೆರೆ ಎಳೆದುಕೊಳ್ಳಿ, ದಾಟಬೇಡಿ: ನೆರವನ್ನೂ ನಂಬಿಕೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಬೇಡಿ. ಒಂದು ಕೈಯಲ್ಲಿ ಬೇಳೆ ಚೀಲ, ಇನ್ನೊಂದು ಕೈಯಲ್ಲಿ ಕರಪತ್ರ ಹಿಡಿದು ಹಸಿದವರ ಬಾಗಿಲಿಗೆ ಹೋಗುವುದು ಅನ್ಯಾಯ. ಅವರು ಬೇಳೆಗಾಗಿ ಕರಪತ್ರವನ್ನೂ ತೆಗೆದುಕೊಳ್ಳುತ್ತಾರೆ, ನಿಮ್ಮ ನಂಬಿಕೆ ಅವರ ಕಣ್ಣಲ್ಲಿ ರೇಷನ್ನಿನ ಷರತ್ತಾಗುತ್ತದೆ. ರೆಡ್‌ಕ್ರಾಸ್ ಮತ್ತು ಪರಿಹಾರ ಸಂಸ್ಥೆಗಳು 1994ರಲ್ಲಿ ಮಾಡಿಕೊಂಡ ನಡಾವಳಿ ನಿಯಮಗಳಲ್ಲಿ ಇದು ಸ್ಪಷ್ಟವಾಗಿದೆ: ನೆರವನ್ನು ರಾಜಕೀಯ ಅಥವಾ ಧಾರ್ಮಿಕ ನಿಲುವು ಹರಡಲು ಬಳಸಕೂಡದು. ಆ ನಿಯಮ ರೂಪಿಸಿದವರಲ್ಲಿ ಕಾರಿತಾಸ್, ಲೂಥರನ್ ವರ್ಲ್ಡ್ ಫೆಡರೇಶನ್, ವರ್ಲ್ಡ್ ಕೌನ್ಸಿಲ್ ಆಫ್ ಚರ್ಚಸ್ ಇದ್ದವು. ಕ್ರೈಸ್ತರೇ ಒಪ್ಪಿ ಬರೆದದ್ದು.

ಇದರರ್ಥ ಬಾಯಿ ಹೊಲಿದುಕೊಂಡು ಇರಬೇಕೆಂದಲ್ಲ. ಅರಬ್ಬರ ನಡುವೆ ದೇವರ ಮಾತು ಸಂಕೋಚದ ವಿಷಯವೇ ಅಲ್ಲ. ಮನೆಗೆ ಹೋದ ಹತ್ತು ನಿಮಿಷದಲ್ಲಿ ನೀನು ಮುಸ್ಲಿಮಳೋ ಕ್ರೈಸ್ತಳೋ, ಮದುವೆ ಯಾಕೆ ಆಗಿಲ್ಲ, ಸಂಬಳ ಎಷ್ಟು ಎಂದು ಕೇಳಿಯೇ ಕೇಳುತ್ತಾರೆ. ಕೇಳಿದ್ದಕ್ಕೆ ನಿಜ ಹೇಳಿ. ಮಗುವಿಗೆ ಜ್ವರ ಬಂದಾಗ ತಾಯಿಯೇ "ನಮಗಾಗಿ ಪ್ರಾರ್ಥನೆ ಮಾಡು" ಎಂದರೆ ಮಾಡಿ. ಅವಳು ನಿಮಗಾಗಿ ಪ್ರಾರ್ಥಿಸಿದರೆ ಅದನ್ನೂ ಗೌರವದಿಂದ ಸ್ವೀಕರಿಸಿ. ರಂಜಾನ್ ತಿಂಗಳಲ್ಲಿ ಹಗಲು ಬೀದಿಯಲ್ಲಿ ತಿನ್ನುವುದು, ಕುಡಿಯುವುದು ಕಾನೂನಿಗೂ ವಿರುದ್ಧ. ಸಂಜೆ ಇಫ್ತಾರಿಗೆ ಕರೆದರೆ ತಪ್ಪಿಸಬೇಡಿ.

ಇನ್ನೊಂದು ಮಾತು, ಹೊರಗಿನಿಂದ ಹೋಗುವ ಬಹಳ ಮಂದಿಗೆ ಇದು ಹೊಳೆಯುವುದಿಲ್ಲ. ನೀವು ಕ್ರಿಸ್ತನನ್ನು ಅಲ್ಲಿಗೆ ಕೊಂಡೊಯ್ಯುತ್ತಿಲ್ಲ. ಮುಂದೆ ಅಪೊಸ್ತಲ ಪೌಲನಾದ ಸೌಲನ ಕಣ್ಣು ತೆರೆದದ್ದು ದಮಸ್ಕದಲ್ಲಿ, ಅಂದರೆ ದಮಾಸ್ಕಸ್‌ನಲ್ಲಿ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಬಿದ್ದದ್ದು ಅಂತಿಯೋಕ್ಯದಲ್ಲಿ. ಅಲ್ಲಿನ ಆರ್ಥೊಡಾಕ್ಸ್, ಮೆಲ್ಕೈಟ್, ಸಿರಿಯಕ್ ಎಂಬ ಪೂರ್ವದ ಕ್ರೈಸ್ತ ಸಭೆಗಳ ಬೇರು ಎರಡು ಸಾವಿರ ವರ್ಷ ಹಳೆಯದು. 2014ರ ಆಗಸ್ಟ್‌ನಲ್ಲಿ ಐಸಿಸ್ ಬಂದಾಗ ಇರಾಕಿನ ಕರಾಕೋಷ್ ಪಟ್ಟಣ ರಾತ್ರೋರಾತ್ರಿ ಖಾಲಿಯಾಯಿತು. ಆ ಸೀಮೆಯ ಕ್ರೈಸ್ತರಲ್ಲಿ ಅನೇಕರು ಅಮ್ಮಾನ್‌ಗೆ ಬಂದು, ಕೆಲಸ ಮಾಡುವಂತಿಲ್ಲದೆ, ಆಸ್ಟ್ರೇಲಿಯಾದ್ದೋ ಕೆನಡಾದ್ದೋ ವೀಸಾ ಕಾಗದಕ್ಕೆ ವರ್ಷಗಟ್ಟಲೆ ಕಾದರು. ಅಮೆರಿಕದ ದಾರಿ ನಂಬಿದ್ದವರಿಗೆ 2025ರ ಜನವರಿಯಲ್ಲಿ ಆ ದೇಶ ನಿರಾಶ್ರಿತರ ಪ್ರವೇಶ ನಿಲ್ಲಿಸಿದಾಗ ಆ ಬಾಗಿಲೂ ಮುಚ್ಚಿತು. ಇವರ ಮುಂದೆ ನಿಮ್ಮ ಉಪದೇಶ ನಡೆಯದು. ಇವರಿಂದ ಕಲಿಯುವುದೇ ಬೇಕಾದಷ್ಟಿದೆ. ಅಲ್ಲಿನ ಅರಬ್ ಸಭಾಪಾಲಕರ ಕೈಕೆಳಗೆ ಕೆಲಸ ಮಾಡಿ.

ಮೈಮನಸ್ಸಿನ ಕಷ್ಟ ಬೇರೆಯೇ ಇದೆ. ಅಮ್ಮಾನ್ ಬೆಟ್ಟಗಳ ಮೇಲಿನ ಊರು. ಜನವರಿಯ ಚಳಿ ಕರಾವಳಿಯವರು ಕಂಡರಿಯದ್ದು, ಕೆಲವು ವರ್ಷ ಹಿಮವೂ ಬೀಳುತ್ತದೆ. ಕಲ್ಲಿನ ಮನೆಗಳ ಒಳಗೆ ಹೊರಗಿಗಿಂತ ಹೆಚ್ಚು ಥಂಡಿ. ಎಷ್ಟೋ ಬಡಾವಣೆಗಳಲ್ಲಿ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ತಾರಸಿ ಟ್ಯಾಂಕು ಬರಿದಾದರೆ ಬಟ್ಟೆ ಒಗೆಯುವುದು ಮುಂದಿನ ವಾರಕ್ಕೆ. ಇದಕ್ಕೆಲ್ಲ ಒಗ್ಗಿಕೊಳ್ಳುತ್ತೀರಿ. ಒಗ್ಗದಿರುವುದು ಇನ್ನೊಂದು. ಕಂದು ಬಣ್ಣದ ಏಷ್ಯಾದ ಹುಡುಗಿಯನ್ನು ಕಂಡರೆ ಅಂಗಡಿಯವರು, ಮನೆ ಮಾಲೀಕರು "ಯಾರ ಮನೆಯಲ್ಲಿ ಕೆಲಸಕ್ಕಿದ್ದೀಯ?" ಎಂದು ಕೇಳುತ್ತಾರೆ. ಶ್ರೀಲಂಕಾ, ಫಿಲಿಪ್ಪೀನ್ಸ್, ಬಾಂಗ್ಲಾದೇಶದ ಸಾವಿರಾರು ಹೆಂಗಸರು ಅಲ್ಲಿ ಮನೆಗೆಲಸ ಮಾಡುತ್ತಿದ್ದಾರೆ. ಬಿಳಿಯ ಜೊತೆಗಾರ್ತಿಗೆ ಸಿಗುವ ಉಪಚಾರ ನಿಮಗೆ ಸಿಗದಿದ್ದಾಗ ನೋವಾಗುತ್ತದೆ, ಅದನ್ನು ನಿಮ್ಮ ತಂಡದವರಿಗೆ ಬಾಯಿಬಿಟ್ಟು ಹೇಳಿ. ಆದರೆ ಅದೇ ಕಾರಣಕ್ಕೆ ನಿರಾಶ್ರಿತ ಹೆಂಗಸರು ನಿಮ್ಮ ಹತ್ತಿರ ಬೇಗ ಮನಸ್ಸು ಬಿಚ್ಚುತ್ತಾರೆ. ಹಿಂದಿ ಸಿನಿಮಾ ನೋಡಿ ಬೆಳೆದವರು ಅವರು. ಅಮಿತಾಭ್ ಬಚ್ಚನ್ ಹೆಸರು ನಿಮ್ಮ ಪಾಸ್‌ಪೋರ್ಟಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಇನ್ನು, ದಿನವೂ ಸಾವುನೋವಿನ ಕಥೆ ಕೇಳುವವರಿಗೆ ನಿದ್ದೆ ಕೆಡುತ್ತದೆ, ಸಿಟ್ಟು ಬೇಗ ಬರುತ್ತದೆ, ಪ್ರಾರ್ಥನೆ ಒಣಗುತ್ತದೆ. ನಂಬಿಕೆ ಕಡಿಮೆಯಾಯಿತೆಂದು ಹೆದರಬೇಡಿ. ಅದು ಮನಸ್ಸಿನ ದಣಿವು, ಅದಕ್ಕೆ ರಜೆ ಮತ್ತು ಆಪ್ತಸಲಹೆ ಬೇಕು.

ನೀವು ಹೋಗುತ್ತಿರುವುದು ಎಲ್ಲ ಬದಲಾಗುತ್ತಿರುವ ಕಾಲದಲ್ಲಿ. 2024ರ ಡಿಸೆಂಬರ್ 8ರಂದು ಅಸ್ಸಾದ್ ಆಳ್ವಿಕೆ ಬಿದ್ದ ಮೇಲೆ ಸುತ್ತಲ ದೇಶಗಳಿಂದ ಲಕ್ಷಾಂತರ ಸಿರಿಯನ್ನರು ಊರಿಗೆ ಮರಳಿದ್ದಾರೆ. ಬಾಂಬಿಗೆ ಬಿದ್ದ ಮನೆ, ಕರೆಂಟಿಲ್ಲದ ಊರು ನೋಡಿ ಹೋಗಲೋ ಬೇಡವೋ ಎಂದು ತೂಗುತ್ತಿರುವವರೂ ಇದ್ದಾರೆ. ಒಂದೇ ಮನೆಯಲ್ಲಿ ಅಪ್ಪ ಹೊರಡೋಣ ಎನ್ನುತ್ತಾನೆ, ಜೋರ್ಡಾನಿನಲ್ಲೇ ಹುಟ್ಟಿ ಓದುತ್ತಿರುವ ಮಗಳು ಬೇಡ ಎನ್ನುತ್ತಾಳೆ. ಹೋಗಿ ಎಂದೋ ಇರಿ ಎಂದೋ ಹೇಳುವ ಹಕ್ಕು ನಿಮಗಿಲ್ಲ. ಅವರ ಔಷಧಿಯ ಚೀಟಿ, ಮಕ್ಕಳ ಶಾಲೆಯ ಸರ್ಟಿಫಿಕೇಟು ಕಳೆದುಹೋಗದಂತೆ ಜೋಡಿಸಿಕೊಡುವುದು ನಿಮ್ಮ ಕೆಲಸ.

ಕಡೆಯದಾಗಿ ಅಪ್ಪ ಅಮ್ಮನ ಭಯ. ಅದು ಸುಮ್ಮನೆ ಹುಟ್ಟಿದ ಭಯವಲ್ಲ. ಸಲೇಷಿಯನ್ ಎಂಬ ಕ್ಯಾಥೊಲಿಕ್ ಸನ್ಯಾಸಿ ಸಭೆಯ ಬೆಂಗಳೂರು ಪ್ರಾಂತ್ಯಕ್ಕೆ ಸೇರಿದ ಫಾದರ್ ಟಾಮ್ ಉಳುನ್ನಾಲಿಲ್ ಅವರನ್ನು 2016ರ ಮಾರ್ಚ್ 4ರಂದು ಯೆಮನ್ನಿನ ಏಡನ್‌ನಲ್ಲಿ ಅಪಹರಿಸಿದರು. ಮದರ್ ತೆರೇಸಾ ಸಂಸ್ಥೆಯ ನಾಲ್ವರು ಸಿಸ್ಟರುಗಳನ್ನು ಅದೇ ದಿನ ಅಲ್ಲೇ ಕೊಂದರು. ಫಾದರ್ ಬಿಡುಗಡೆಯಾದದ್ದು 2017ರ ಸೆಪ್ಟೆಂಬರ್ 12ರಂದು. ಡಚ್ ಜೆಸ್ವಿಟ್ ಪಾದ್ರಿ ಫ್ರಾನ್ಸ್ ವ್ಯಾನ್ ಡರ್ ಲುಕ್ಟ್ ಹೋಮ್ಸ್ ಬಿಟ್ಟು ಬರಲು ಒಪ್ಪದೆ 2014ರ ಏಪ್ರಿಲ್‌ನಲ್ಲಿ ಗುಂಡಿಗೆ ಬಲಿಯಾದರು. ಇವನ್ನು ಅಪ್ಪ ಅಮ್ಮನಿಂದ ಮುಚ್ಚಿಡಬೇಡಿ. ಅವೆರಡೂ ಯುದ್ಧ ನಡೆಯುತ್ತಿದ್ದ ಊರುಗಳು, ಜೋರ್ಡಾನ್ ಹಾಗಲ್ಲ ಎಂಬುದನ್ನೂ ಹೇಳಿ. ಕರಾವಳಿಯಲ್ಲಿ 1990ರಲ್ಲಿ ಕುವೈತಿನಿಂದ ಬಂದವರು ಇನ್ನೂ ಎಷ್ಟೋ ಜನ ಇದ್ದಾರೆ. ಸದ್ದಾಂ ಸೈನ್ಯ ನುಗ್ಗಿದಾಗ ಲಕ್ಷಕ್ಕೂ ಹೆಚ್ಚು ಭಾರತೀಯರು ಇರಾಕ್ ದಾಟಿ ಜೋರ್ಡಾನ್ ಸೇರಿ, ಮರುಭೂಮಿಯ ಡೇರೆಗಳಲ್ಲಿ ಕಾದು, ಅಮ್ಮಾನ್‌ನಿಂದ ವಿಮಾನ ಹತ್ತಿದರು. ಆ ದಾರಿಯಲ್ಲಿ ಬಂದವರೊಬ್ಬರು ನಿಮ್ಮ ಸಭೆಯಲ್ಲೇ ಸಿಕ್ಕಾರು. ಅಪ್ಪನನ್ನು ಅವರ ಹತ್ತಿರ ಕೂರಿಸಿ.

ಸಹಿ ಹಾಕುವ ಮುನ್ನ ಸಂಸ್ಥೆಯಿಂದ ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಯಾವ ವೀಸಾ, ಇಕಾಮಾ (ಅಲ್ಲಿ ವಾಸಿಸುವ ಪರವಾನಗಿ) ಯಾರ ಹೆಸರಿನಲ್ಲಿ? ಆರೋಗ್ಯ ವಿಮೆ ಇದೆಯೇ, ತುರ್ತಾಗಿ ಊರಿಗೆ ಕಳಿಸುವ ಖರ್ಚು ಅದರಲ್ಲಿ ಸೇರಿದೆಯೇ? ಹೆಣ್ಣುಮಗಳಿಗೆ ವಸತಿ ಯಾರ ಜೊತೆ, ತೊಂದರೆಯಾದರೆ ದೂರು ಕೇಳುವ ಹೆಂಗಸು ಯಾರು? ಅರಬ್ಬಿ ತರಗತಿಯ ಶುಲ್ಕ ಯಾರು ಕಟ್ಟುತ್ತಾರೆ, ಎಷ್ಟು ತಿಂಗಳು? ಪಾಸ್‌ಪೋರ್ಟ್ ಸದಾ ನಿಮ್ಮ ಕೈಯಲ್ಲೇ ಇರುತ್ತದೆಯೇ? ಹೋದ ಮೇಲೆ ಅಮ್ಮಾನ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಆ ಕಚೇರಿಯ ಫೋನ್ ನಂಬರನ್ನು ಅಮ್ಮನಿಗೂ ಬರೆದುಕೊಡಿ.